ಮೃಗಶಿರ ಮಳೆ ಹಿಡಿಯುವ ಮುಂಚೆ ಮಾಡಿನ ರಿಪೇರಿ ಆಗಬೇಕು: ಹಸ್ತಪ್ರತಿ ಭಂಡಾರದ ಮನವಿ

ಪುಣೆಯ ಕನ್ನಡ ಬಂಧುಗಳಿಗೆ ನಮಸ್ಕಾರಗಳು.

ಮೊನ್ನೆ ಕೃತ್ತಿಕೆ ಮಳೆ ಒಂದೇ ಸಂಜೆ ಹೊಡೆದದ್ದಕ್ಕೆ ನಮ್ಮ ಹಸ್ತಪ್ರತಿ ಕೋಣೆ ಸೋರಿದೆ. ಕಸಬಾ ಪೇಟೆಯ ಈ ಹಳೇ ಮನೆ ನಿಮಗೆ ಹೊಸದಲ್ಲ. ಮಂಗಳೂರು ಹೆಂಚಿನ ಕೆಳಗಿನ ರೀಪು, ಅಂದರೆ ಮರದ ಪಟ್ಟಿ, ಗೆದ್ದಲು ತಿಂದು ಬಗ್ಗಿದೆ, ಬಗ್ಗಿದ ಕಡೆ ಹೆಂಚು ಜಾರಿ ನೀರು ಒಳಗೆ ಬಂತು. ಎರಡನೇ ಕಪಾಟಿನ 11 ಕಟ್ಟುಗಳು ನೆನೆದವು. ಜೂನ್ 8ರ ಸುಮಾರಿಗೆ ಮೃಗಶಿರ ಶುರು.

ನೆನೆದದ್ದರಲ್ಲಿ ಒಂದು ನಂದಿನಾಗರಿ ಲಿಪಿಯ ಕಾಣ್ವ ಸಂಹಿತೆ, ಅಂದರೆ ಯಜುರ್ವೇದದ ಕಾಣ್ವ ಶಾಖೆಯ ಪಾಠ, ಕಾಗದದ್ದು. ಅರಸನಿಗೆ ಪಟ್ಟ ಕಟ್ಟುವ ರಾಜಸೂಯ ಯಾಗದ ಮಂತ್ರಗಳು ಅದರಲ್ಲಿವೆ. ಅರಸನನ್ನು ಜನರಿಗೆ ತೋರಿಸಿ ‘ಇಗೋ ನಿಮ್ಮ ರಾಜ’ ಎನ್ನುವ ಸಾಲು ಯಜುರ್ವೇದದ ಶಾಖೆಯಿಂದ ಶಾಖೆಗೆ ಬದಲಾಗುತ್ತದೆ. ತೈತ್ತಿರೀಯರು ‘ಏಷ ವೋ ಭರತಾ ರಾಜಾ’ ಎನ್ನುತ್ತಾರೆ. ಕಾಣ್ವರದು ‘ಏಷ ವಃ ಕುರವೋ ರಾಜೈಷ ಪಂಚಾಲಾ ರಾಜಾ’. ಮೈತ್ರಾಯಣೀಯರು ಯಾವ ಕುಲದ ಹೆಸರನ್ನೂ ಎತ್ತದೆ ‘ಏಷ ತೇ ಜನತೇ ರಾಜಾ’ ಎಂದು ಮುಗಿಸುತ್ತಾರೆ. ಮಾಧ್ಯಂದಿನರಲ್ಲಂತೂ ಬರೀ ‘ಅಮೀ’, ಅಂದರೆ ‘ಓ ಇಂಥವರೇ’ ಎಂದು ಕರೆದ ಹಾಗೆ. ಹೆಸರನ್ನು ಪುರೋಹಿತ ತುಂಬಿಕೊಳ್ಳಬೇಕು. ಯಾವ ಶಾಖೆ ಯಾವ ಜನರ ನಡುವೆ ಬೆಳೆಯಿತು ಎಂದು ಹುಡುಕುವವರಿಗೆ ಈ ಒಂದು ಪದ ದೊಡ್ಡ ಸುಳಿವು. ಮುಂದಿನ ತುಂಡು ಮಾತ್ರ ಎಲ್ಲರಲ್ಲೂ ಒಂದೇ: ‘ಸೋಮೋಽಸ್ಮಾಕಂ ಬ್ರಾಹ್ಮಣಾನಾಂ ರಾಜಾ’. ಪಟ್ಟ ಕಟ್ಟುವ ಹೊತ್ತಿಗೇ ‘ನಮ್ಮ ರಾಜ ಸೋಮ’ ಎಂದು ಯಾಗ ಮಾಡಿಸುವ ಋತ್ವಿಜರು ಪಕ್ಕಕ್ಕೆ ಸರಿದು ನಿಂತ ಜಾಣತನ ನೋಡಿ!

ಆ ಹಾಳೆಯಲ್ಲೇ ನೀರು ನಿಂತಿದೆ. ಕಾಡಿಗೆ ಮಸಿಯ ಅಕ್ಷರ ಉಳಿದಿದೆ, ಉಚ್ಚಾರದ ಏರಿಳಿತ ತೋರಿಸುವ ಕೆಂಪು ಶಾಯಿಯ ಸ್ವರಗೆರೆಗಳು ಹರಡಿಕೊಂಡಿವೆ. ಸ್ವರ ಹೋದರೆ ಅಕ್ಷರ ಇದ್ದೂ ಅರ್ಧ ಇಲ್ಲದ ಹಾಗೆ. ‘ಇಂದ್ರಶತ್ರು’ ಎನ್ನುವ ಪದವನ್ನೇ ನೋಡಿ: ಉದಾತ್ತ, ಅಂದರೆ ಏರುಸ್ವರ, ಕೊನೆಯಲ್ಲಿದ್ದರೆ ಇಂದ್ರನನ್ನು ಕೊಲ್ಲುವವನು, ಮೊದಲಿಗೆ ಬಂದರೆ ಇಂದ್ರನ ಕೈಯಲ್ಲಿ ಸಾಯುವವನು.

ಕಾಗದವನ್ನು ಬಿಸಿಲಿಗೆ ಹಾಕುವ ಹಾಗಿಲ್ಲ. ಹಾಳೆಗಳ ನಡುವೆ ಒತ್ತುಕಾಗದ ಇಟ್ಟು, ದಿನಕ್ಕೆರಡು ಸಲ ಬದಲಿಸುತ್ತ, ನೆರಳಲ್ಲಿ ಫ್ಯಾನಿನ ಗಾಳಿಗೆ ಒಣಗಿಸುತ್ತಿದ್ದೇವೆ. ತಪ್ಪು ತಿದ್ದಲು ಹರಿತಾಳದ ಹಳದಿ ಬಣ್ಣ ಬಳಿದಿರುವ ಹಾಳೆಗಳನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ, ಅದು ಪಾಷಾಣ. ತಾಳೆಗರಿಯ ಕಥೆ ಬೇರೆ. ಅಂಟಿಕೊಂಡ ಗರಿಯನ್ನು ಎಳೆದರೆ ಮೇಲಿನ ಪೊರೆ ಅಕ್ಷರದ ಸಮೇತ ಕಿತ್ತು ಬರುತ್ತದೆ. ಒಣಗಿದ ಮೇಲೆ ಮಜ್ಜಿಗೆಹುಲ್ಲಿನ ಎಣ್ಣೆ ತೆಳ್ಳಗೆ ಸವರಿ, ಕೊರೆದ ಅಕ್ಷರಕ್ಕೆ ಕಾಡಿಗೆ ತುಂಬಿ, ಆಮೇಲೇ ಮೇಲಿನಿಂದ ಫೋಟೋ. ಸ್ಕ್ಯಾನರಿನ ಗಾಜಿಗೆ ಒತ್ತಿದರೆ ಗರಿ ಸೀಳುತ್ತದೆ.

ಭಂಡಾರ್ಕರ್ ಸಂಸ್ಥೆಯ 30 ಋಗ್ವೇದ ಹಸ್ತಪ್ರತಿಗಳು 2007ರಲ್ಲಿ ಯುನೆಸ್ಕೋದ ‘ಮೆಮೊರಿ ಆಫ್ ದಿ ವರ್ಲ್ಡ್’ ಪಟ್ಟಿ ಸೇರಿದ ಊರು ಇದು. ನಮ್ಮದು ಅದರ ಮುಂದೆ ಗೂಡಿನಷ್ಟು. ಆದರೂ ತಿಗಳಾರಿ, ನಂದಿನಾಗರಿ ಎರಡು ಲಿಪಿಗಳನ್ನೂ ಕನ್ನಡದಲ್ಲಿ ಕಲಿಸುವ ನಮ್ಮ ಭಾನುವಾರದ ತರಗತಿ ಇದುವರೆಗೆ ನಿಂತದ್ದಿಲ್ಲ. ಅಲ್ಲಿ ಕಲಿತವರೇ ಈಗ ಯಜ್ಞಗಳನ್ನು ವಿವರಿಸುವ ಶತಪಥ ಬ್ರಾಹ್ಮಣ ಗ್ರಂಥದ 5ನೇ ಕಾಂಡದ ರಾಜಸೂಯವನ್ನು ಕೂತು ಓದುತ್ತಿದ್ದಾರೆ. ಸೇನಾನಿ, ಪುರೋಹಿತ, ಮಹಿಷಿ, ಸೂತ, ಗ್ರಾಮಣಿ ಹೀಗೆ ಒಬ್ಬೊಬ್ಬರ ಮನೆಗೂ ಅರಸನೇ ಹೋಗಿ ಹವಿಸ್ಸು ಕೊಡುವ ಭಾಗಕ್ಕೆ ಬಂದಿದ್ದರು. ಕೋಣೆ ಒದ್ದೆಯಾಗಿ ಪಾಠ ಈಗ ಜಗುಲಿಗೆ ಬಂದಿದೆ.

ಹೇಳಬೇಕಾದ್ದು ಇಷ್ಟು. ರೀಪು, ಹೆಂಚು, ಕೂಲಿ ಸೇರಿ ಸುಮಾರು 3.5 ಲಕ್ಷ ರೂಪಾಯಿ. ಗೋಡೆಗೆ ತಾಗದ ಹಾಗೆ ನಿಲ್ಲಿಸುವ ಉಕ್ಕಿನ ಕಪಾಟುಗಳಿಗೆ ಮತ್ತು ಫೋಟೋ ಕೆಲಸಕ್ಕೆ ಇನ್ನೊಂದು 2 ಲಕ್ಷ ಬೇಕಾದೀತು. ಮಾಡಿನ ಹಣ ಮೇ ಮುಗಿಯುವುದರೊಳಗೆ ಕೈಸೇರಿದರೆ ಬಡಗಿಯನ್ನು ಕರೆಯಬಹುದು. ಮಳೆ ಹಿಡಿದ ಮೇಲೆ ಹೆಂಚು ಬಿಚ್ಚಲು ಯಾರೂ ಬರುವುದಿಲ್ಲ. ಚೆಕ್ಕನ್ನು ಟ್ರಸ್ಟಿನ ಹೆಸರಿಗೇ ಬರೆಯಿರಿ, ರಸೀದಿ ಅಂದೇ ಸಿಗುತ್ತದೆ.

ಹಣ ಆಗದವರು ಕಟ್ಟು ಸುತ್ತಲು ಹಳೇ ಹತ್ತಿ ಪಂಚೆ ಕೊಟ್ಟರೂ ಸಂತೋಷ. ಗಂಜಿ ಹಾಕಿದ್ದು ಮಾತ್ರ ಬೇಡ, ಗಂಜಿಗೆ ಹುಳು ಬರುತ್ತದೆ.

ಇತಿ,
ಧರ್ಮದರ್ಶಿಗಳು