ಕೀಬೋರ್ಡಿಗಿಂತ ಮೊದಲು ಅರ್ಥಿಂಗ್ ನೋಡಿ

ಮಾನ್ಯ ಸಂಪಾದಕರೇ,

ಹಾಸನ, ಚಿಕ್ಕಮಗಳೂರು ಕಡೆಯ ಹುಡುಗರು ಮನೆಯಲ್ಲೇ ರಾಕ್ ಆಲ್ಬಂ ರೆಕಾರ್ಡ್ ಮಾಡುತ್ತಿರುವ ಬಗ್ಗೆ ನಿಮ್ಮಲ್ಲಿ ಬಂದ ಬರಹದಲ್ಲಿ ಯಾವ ಕೀಬೋರ್ಡಿಗೆ ಎಷ್ಟು ಬೆಲೆ ಎಂಬ ಲೆಕ್ಕವೇ ಹೆಚ್ಚಾಯಿತು. ಹಾಡು ಕೆಡುವುದು ಬಹುಪಾಲು ಕೀಬೋರ್ಡಿನಿಂದಲ್ಲ, ಅದರ ಹಿಂದಿನ ವೈರು ಮತ್ತು ಕರೆಂಟಿನಿಂದ.

ಕೀಬೋರ್ಡ್, ಲ್ಯಾಪ್‌ಟಾಪ್, ಗಿಟಾರ್ ಆಂಪ್ (ಆಂಪ್ಲಿಫೈಯರ್) ಬೇರೆ ಬೇರೆ ಸಾಕೆಟ್ಟಿನಿಂದ ಕರೆಂಟ್ ಪಡೆದು, ಆಡಿಯೋ ಕೇಬಲ್ಲಿನಲ್ಲೂ ಒಂದಕ್ಕೊಂದು ಸೇರಿದರೆ ಅರ್ಥಿಂಗ್ ಒಂದು ಸುತ್ತಾಗುತ್ತದೆ. ಆಗ ಕರೆಂಟಿನ 50 ಹರ್ಟ್ಸ್, ಅದರ ದುಪ್ಪಟ್ಟು 100 ಹರ್ಟ್ಸ್‌ನ ‘ಗುಂಯ್’ ಸದ್ದು ರೆಕಾರ್ಡಿಂಗಿಗೆ ಸೇರುತ್ತದೆ. ಚಾರ್ಜರ್ ತೆಗೆದು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಕಾರಣ ಸಿಕ್ಕಂತೆ. ಎಲ್ಲವನ್ನೂ ಒಂದೇ ಸಾಕೆಟ್ಟಿನ ಸ್ಪೈಕ್ ಗಾರ್ಡಿಗೆ ಹಾಕಿ. ಆಗಲೂ ಹೋಗದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಎರಡು ಚಾನೆಲ್ಲಿನ ಡಿಐ ಬಾಕ್ಸ್ (ವಾದ್ಯಕ್ಕೂ ಮೈಕ್ ಸಾಕೆಟ್ಟಿಗೂ ನಡುವೆ ಹಾಕುವ ಪೆಟ್ಟಿಗೆ) ತಂದು, ಆಡಿಯೋ ಕೇಬಲ್ಲಿನ ಅರ್ಥಿಂಗ್ ಕೊಂಡಿ ಬಿಡಿಸುವ ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಪ್ಲಗ್ಗಿನ ಮೂರನೇ ಪಿನ್ ಮುರಿದು ಸದ್ದು ನಿಲ್ಲಿಸುವ ಚಾಳಿ ಮಾತ್ರ ಬೇಡವೇ ಬೇಡ. ಅರ್ಥಿಂಗ್ ಕಳೆದುಕೊಂಡ ಆಂಪಿನಲ್ಲಿ ಕರೆಂಟ್ ಸೋರಿ, ಗಿಟಾರ್ ತಂತಿ ಹಿಡಿದವರ ತುಟಿ ಮೈಕಿಗೆ ತಾಗಿದರೆ ಜೀವಕ್ಕೇ ಕುತ್ತು.

ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ರೆಕಾರ್ಡ್ ಮಾಡಬೇಡಿ, ಜರ್ರೆನ್ನುತ್ತದೆ. ಸೈನ್ ವೇವ್ ಇನ್ವರ್ಟರ್ ಆದೀತು. ಹಳೆಯ ಹ್ಯಾಮಂಡ್ ಬಿ-3 ಆರ್ಗನ್ನಿನ ಕಷ್ಟವೇ ಬೇರೆ. ಅದರ ಮೋಟಾರು ಕರೆಂಟಿನ ಹರ್ಟ್ಸ್ ಹಿಡಿದು ತಿರುಗುವುದರಿಂದ, ಅಮೆರಿಕದ 60 ಹರ್ಟ್ಸ್ ಆರ್ಗನ್ ನಮ್ಮ 50ರಲ್ಲಿ ಮೂರು ಅರ್ಧಸ್ವರಕ್ಕೂ ತುಸು ಹೆಚ್ಚೇ ಇಳಿದು ನುಡಿಯುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರಿನಿಂದ ಇದು ಸರಿಹೋಗದು. ಈಗಿನ ಡಿಜಿಟಲ್ ಕೀಬೋರ್ಡಿಗೆ ಆ ಗೋಳಿಲ್ಲ.

ಲೆವೆಲ್ ವಿಷಯ ಚಿಕ್ಕದು. ಕೀಬೋರ್ಡಿನ ಕೇಬಲ್ಲನ್ನು ಆಡಿಯೋ ಇಂಟರ್‌ಫೇಸಿನ (ಲ್ಯಾಪ್‌ಟಾಪಿಗೆ ಸದ್ದು ಸೇರಿಸುವ ಪೆಟ್ಟಿಗೆ) ಮೈಕ್ ಸಾಕೆಟ್ಟಿಗಲ್ಲ, ಲೈನ್ ಇನ್‌ಪುಟ್ಟಿಗೆ ಹಾಕಿ (ಡಿಐ ಬಾಕ್ಸ್ ಇದ್ದರೆ ಮಾತ್ರ ಅದರ ಔಟ್‌ಪುಟ್ ಮೈಕ್ ಸಾಕೆಟ್ಟಿಗೆ). ಕೀಬೋರ್ಡಿನ ವಾಲ್ಯೂಮ್ ಮುಕ್ಕಾಲು ಭಾಗಕ್ಕಿರಲಿ. ರೆಕಾರ್ಡಿಂಗ್ ಸಾಫ್ಟ್‌ವೇರನ್ನು 24 ಬಿಟ್‌ಗೆ ಇಟ್ಟು, ಜೋರಾಗಿ ನುಡಿಸಿದಾಗಲೂ ಮೀಟರ್ ಮೈನಸ್ 12 ಡೆಸಿಬೆಲ್ ದಾಟದಿದ್ದರೆ ಸಾಕು.

ಕೀಬೋರ್ಡಿನೊಳಗಿನ ರಿವರ್ಬ್ (ಸಭಾಂಗಣದಂಥ ಗುಂಗು), ಕೋರಸ್ (ಸದ್ದನ್ನು ದಪ್ಪಗಾಗಿಸುವ ಎಫೆಕ್ಟ್) ಆಫ್ ಮಾಡಿ. ಒಮ್ಮೆ ಸೇರಿದ ರಿವರ್ಬನ್ನು ಆಮೇಲೆ ತೆಗೆಯಲಾಗದು. ಆಡಿಯೋ ಜತೆಗೇ ಯುಎಸ್‌ಬಿಯಿಂದ ಮಿಡಿಯನ್ನೂ (ಯಾವ ಕೀ, ಯಾವಾಗ, ಎಷ್ಟು ಬಿರುಸಾಗಿ ಒತ್ತಿದಿರಿ ಎಂಬ ದಾಖಲೆ) ರೆಕಾರ್ಡ್ ಮಾಡಿಟ್ಟರೆ ತಪ್ಪಿದ ಒಂದು ಸ್ವರಕ್ಕಾಗಿ ಇಡೀ ಹಾಡನ್ನು ಮತ್ತೆ ನುಡಿಸಬೇಕಿಲ್ಲ. ಆರ್ಗನ್ ಒರಟಾಗಿ ಗರ್ಜಿಸಬೇಕೇ? ಬ್ರಿಟನ್ನಿನ ರಾಕ್ ತಂಡ ಡೀಪ್ ಪರ್ಪಲ್‌ನ ಕೀಬೋರ್ಡ್ ವಾದಕ ಜಾನ್ ಲಾರ್ಡ್ ಹ್ಯಾಮಂಡನ್ನು ಗಿಟಾರಿನವರ ಮಾರ್ಷಲ್ ಆಂಪಿಗೇ ಜೋಡಿಸಿದ್ದರು. ನೀವೂ ಆರ್ಗನ್ ಟ್ರ್ಯಾಕನ್ನು ಲೆವೆಲ್ ತಗ್ಗಿಸಿ ಗಿಟಾರ್ ಆಂಪಿಗೆ ಕಳಿಸಿ, ಎದುರಿಗೆ ಮೈಕಿಟ್ಟು ಇನ್ನೊಮ್ಮೆ ಹಿಡಿಯಬಹುದು. ಎಡಗೈ ಮಾತ್ರ ಹಗುರವಾಗಿರಲಿ. 100 ಹರ್ಟ್ಸ್‌ಗಿಂತ ಕೆಳಗಿನದು ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್ಮಿನ ಪಾಲು. ಎಲ್ಲ ಟ್ರ್ಯಾಕ್ ಸೇರಿಸಿದ ಮಿಕ್ಸನ್ನು ಮೊನೊದಲ್ಲೂ (ಎಡ, ಬಲ ಒಂದಾಗಿಸಿ) ಕೇಳಿ. ಸ್ಟೀರಿಯೋ ಪಿಯಾನೊ ಸದ್ದಿನ ಎಡ, ಬಲ ಸೇರಿದಾಗ ಕೆಲವು ಸ್ವರ ಸೊರಗುತ್ತವೆ, ಗಣಪತಿ ಪೆಂಡಾಲಿನ ಸ್ಪೀಕರುಗಳೋ ಹೆಚ್ಚಾಗಿ ಮೊನೊ.

ಅರಸೀಕೆರೆಯವರಿಗೆ ಅಷ್ಟಾಗಿ ಕಾಡದ ತೇವ ಸಕಲೇಶಪುರ, ಮೂಡಿಗೆರೆಯವರನ್ನು ಬಿಡುವುದಿಲ್ಲ. ಪ್ರತಿ ಕೀ ಕೆಳಗೆ ಎರಡು ರಬ್ಬರ್ ಕಾಂಟ್ಯಾಕ್ಟ್ ಇರುತ್ತವೆ. ಅವೆರಡೂ ತಾಗುವ ನಡುವಿನ ಸಮಯ ಅಳೆದೇ ಕೀಬೋರ್ಡ್ ಒತ್ತಿದ ಬಿರುಸನ್ನು ತಿಳಿಯುವುದು. ಅಲ್ಲಿ ತೇವ, ದೂಳು ಕೂತರೆ ಒಂದು ಕೀ ಮೂಕವಾಗುತ್ತದೆ, ಇಲ್ಲವೇ ಮೆತ್ತಗೆ ಒತ್ತಿದರೂ ಅರಚುತ್ತದೆ. ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಪೂರ್ತಿ ಒಣಗಿಸಬೇಕು. ಎಣ್ಣೆಯ ಸ್ಪ್ರೇ ಹೊಡೆದರೆ ರಬ್ಬರೇ ಹಾಳು. ಕಂಡೆನ್ಸರ್ ಮೈಕನ್ನು ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿಡಿ, ತೇವ ಹಿಡಿದರೆ ಚಟಪಟ ಎನ್ನುತ್ತದೆ.

ತಗಡಿನ ಮಾಡಿನ ಮನೆಯಾದರೆ ಡ್ರಮ್ಸ್, ಹಾಡುಗಾರಿಕೆಯನ್ನು ಕ್ಲಿಕ್ ಟ್ರ್ಯಾಕ್ (ತಾಳ ಹಿಡಿಯುವ ಟಿಕ್ ಟಿಕ್ ಸದ್ದು) ಹಾಕಿಕೊಂಡು ಮೇ ಒಳಗೆ ಮುಗಿಸಿ. ವೈರಿನಲ್ಲಿ ನೇರ ಹೋಗುವ ಕೀಬೋರ್ಡಿಗೆ ಮಳೆ ಸದ್ದು ತಾಗದು, ಅದನ್ನು ಜುಲೈನಲ್ಲೂ ಹೆಡ್‌ಫೋನ್ ಹಾಕಿ ನುಡಿಸಬಹುದು.

— ರೆಕಾರ್ಡಿಂಗ್ ತಂತ್ರಜ್ಞರು, ಸಕಲೇಶಪುರ