ಉಳಿದಿದ್ದ ಎರಡು ಮಾತು

ಪ್ರಿಯರೇ, ಕರ್ತನ ನಾಮದಲ್ಲಿ ವಂದನೆಗಳು.

ಹೋದ ಭಾನುವಾರ ಆರಾಧನೆಯಲ್ಲಿ 117ನೇ ಕೀರ್ತನೆ ಓದಿದೆ. ಇಡೀ ಸತ್ಯವೇದದಲ್ಲಿ ಅದಕ್ಕಿಂತ ಚಿಕ್ಕ ಅಧ್ಯಾಯ ಇಲ್ಲ, ಎರಡೇ ವಚನ. ಅಯ್ಯನವರು ನನ್ನ ಮೇಲೆ ಕನಿಕರವಿಟ್ಟೇ ಆರಿಸಿದ್ದರು. ಆದರೂ ಮೊದಲ ಪದವೇ ‘ಸರ್ವಜನಾಂಗಗಳೇ’. ‘ಸರ್ವ’ದ ಒತ್ತಕ್ಷರದ ಹತ್ತಿರ ನಾಲಿಗೆ ನಿಂತೇಬಿಟ್ಟಿತು. ಮೂರು ಸಲ ಹಿಂದಕ್ಕೆ ಬಂದು ಆಮೇಲೆ ದಾಟಿದೆ. ಅಷ್ಟು ಹೊತ್ತೂ ಒಬ್ಬರೂ ಕೆಮ್ಮಲಿಲ್ಲ, ಯಾರೂ ಪದ ಎತ್ತಿಕೊಡಲಿಲ್ಲ. ನೀವು ಹಾಗೆ ಕಾದಿರಲ್ಲ, ಮೊದಲ ಕೃತಜ್ಞತೆ ಅದಕ್ಕೆ.

ಹದಿನಾಲ್ಕು ತಿಂಗಳ ಹಿಂದೆ ನನಗೆ ಲಕ್ವ ಹೊಡೆಯಿತು. ಬಾಯಿ ಸೊಟ್ಟಗಾದದ್ದು ನೋಡಿದ ಪಕ್ಕದ ಮನೆಯ ಹುಡುಗ ‘ಸ್ವಲ್ಪ ಮಲಗಿ ಸಾರ್, ಸರಿಹೋಗುತ್ತೆ’ ಅನ್ನದೆ ಸೀದಾ ಆಟೊ ಹತ್ತಿಸಿದ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಂತೆ. ನನಗೆ ಎರಡು ಗಂಟೆಯೊಳಗೆ ಸಿಕ್ಕಿತು. ಜೀವ ಉಳಿಯಿತು, ಕಾಲು ಬಂತು, ಮಾತು ಹೋಯಿತು.

ಪೂರ್ತಿ ಹೋಗಲಿಲ್ಲ, ಅದೇ ವಿಚಿತ್ರ. ಯಾರು ಏನು ಅಂದರೂ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಮೂವತ್ತೊಂದು ವರ್ಷ ವಿಭಕ್ತಿ ಪ್ರತ್ಯಯ ಪಾಠ ಮಾಡಿದ ಕನ್ನಡ ಮೇಷ್ಟ್ರಿಗೆ ಒಂದು ಪ್ರತ್ಯಯವೂ ಉಳಿದಿರಲಿಲ್ಲ. ನಾಲ್ಕನೇ ದಿನ ನಮ್ಮ ಮನೆಯವರು ಹಾಸಿಗೆಯ ಪಕ್ಕ ಕೂತು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತ ಶುರು ಮಾಡಿದರು. ನಾನೂ ಜೊತೆಗೆ ಹೇಳುತ್ತಾ ಹೋದೆ! ‘ನಮ್ಮ ಅನುದಿನದ ಆಹಾರವನ್ನು’ ಎಂಬುದು ಸ್ಪಷ್ಟವಾಗಿ ಬಂತು. ಆಮೆನ್ ಆದಮೇಲೆ ಗಂಜಿ ಕೇಳೋಣವೆಂದರೆ ‘ಗ’ ಕೂಡ ಹೊರಡಲಿಲ್ಲ.

ಅದೇ ಸಂಜೆ ಮಗ ಬೆಂಗಳೂರಿನಿಂದ ಬಂದ. ಹೆಸರು ಹಿಡಿದು ಕರೆಯಬೇಕೆಂದು ಇಡೀ ಮೈ ಬಿಗಿ ಮಾಡಿದೆ. ಬಾಯಿಂದ ಬಂದದ್ದು ‘ದಂಡಪಿಂಡ’. ತಡವರಿಕೆಯೇ ಇಲ್ಲ, ಶುದ್ಧ ಉಚ್ಚಾರಣೆ. ಅವನು ನಕ್ಕ, ನರ್ಸಮ್ಮನೂ ನಕ್ಕರು. ನಾನು ಗೋಡೆಯ ಕಡೆ ತಿರುಗಿಕೊಂಡೆ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನನಗೆ ಮಾತು ಕಲಿಸಿದ ಹುಡುಗಿ ಇದನ್ನು ಬಿಡಿಸಿ ಹೇಳಿದಳು. ಯೋಚಿಸಿ ಕಟ್ಟುವ ಮಾತು ಬೇರೆ, ಸಾವಿರ ಸಲ ಹೇಳಿ ರೂಢಿಯಾದ ಮಾತು ಬೇರೆ. ಪ್ರಾರ್ಥನೆ, ಹಾಡು, ಎಣಿಕೆ, ಬೈಗುಳ ಇವೆಲ್ಲ ಎಷ್ಟೋ ರೋಗಿಗಳಲ್ಲಿ ಉಳಿಯುತ್ತವಂತೆ. 1861ರಲ್ಲಿ ಪ್ಯಾರಿಸ್‌ನಲ್ಲಿ ಪೌಲ್ ಬ್ರೋಕಾ ಎಂಬ ವೈದ್ಯರು ನೋಡಿದ ರೋಗಿಗೆ ‘ತಾನ್’ ಎಂಬ ಸದ್ದು ಬಿಟ್ಟರೆ, ಸಿಟ್ಟು ಬಂದಾಗ ದೇವರ ಹೆಸರು ಹಿಡಿದ ಒಂದು ಬೈಗುಳ ಮಾತ್ರ ಬರುತ್ತಿತ್ತಂತೆ. ಒಂದೇ ಬಾಯಿಂದ ಸ್ತುತಿಯೂ ಶಾಪವೂ ಬರುತ್ತದೆ ಎಂದು ಯಾಕೋಬನು ಪತ್ರಿಕೆಯ 3ನೇ ಅಧ್ಯಾಯದಲ್ಲಿ ಗದರುತ್ತಾನಲ್ಲ, ಸಂಡೇ ಸ್ಕೂಲಿನಲ್ಲಿ ಅದನ್ನು ಎಷ್ಟು ಸಲ ಪಾಠ ಮಾಡಿದ್ದೆನೋ! ಮಗನಿಗೆ ಎಂಟನೇ ಕ್ಲಾಸಿನಿಂದ ಹೇಳಿದ್ದ ಮಾತು ಕರ್ತನ ಪ್ರಾರ್ಥನೆಯಷ್ಟೇ ಆಳಕ್ಕೆ ಇಳಿದಿತ್ತು. ಬೈದವನ ತಲೆಯಲ್ಲೇ ಅಷ್ಟು ಬೇರು ಬಿಟ್ಟಿದ್ದರೆ, ಬೈಸಿಕೊಂಡವನ ತಲೆಯಲ್ಲಿ?

ಆ ಹುಡುಗಿ ‘ಕಾಫಿ ಬೇಕು’ ಎಂಬುದನ್ನು ಎರಡು ಸ್ವರದಲ್ಲಿ ಹಾಡಿಸುತ್ತಾ, ನನ್ನ ಎಡಗೈ ಹಿಡಿದು ಮೇಜಿನ ಮೇಲೆ ತಾಳ ಹಾಕಿಸಿದಳು. ಆರು ವಾರ ಅದೊಂದೇ. ನಮ್ಮ ಮನೆಯಲ್ಲಿ ಈಗಲೂ ಕಾಫಿ ರಾಗದಲ್ಲೇ ಬರುತ್ತದೆ. ಅವಳ ತಾಳ್ಮೆಗೆ ಶರಣು.

ನೋಡಲು ಬಂದವರಲ್ಲಿ ಒಬ್ಬರು, ‘ರೋಗ ಅಂತ ಬಾಯಲ್ಲಿ ಅನ್ನಬೇಡಿ, ಗುಣವಾಯಿತು ಅಂತ ಘೋಷಿಸಿ; ಜೀವನಮರಣಗಳು ನಾಲಿಗೆಯ ವಶ’ ಅಂದರು. ಘೋಷಿಸಲು ನಾಲಿಗೆ ಬೇಕಲ್ಲ ಮಾರಾಯರೇ! ಪ್ರೀತಿಯಿಂದಲೇ ಅಂದರು, ಆದರೆ ಗುಣವಾಗದಿದ್ದರೆ ತಪ್ಪು ನನ್ನದೇ ಎಂಬ ಭಾರ ಹೊರಿಸಿ ಹೋದರು. ಜ್ಞಾನೋಕ್ತಿಯ ಆ ವಚನ ನನಗೆ ಮಂತ್ರದ ಹಾಗೆ ಕೇಳುವುದಿಲ್ಲ. ಅದು ಇನ್ನೊಬ್ಬರ ಎದುರು ಬಾಯಿ ತೆರೆಯುವವನಿಗೆ ಕೊಟ್ಟ ಎಚ್ಚರಿಕೆ.

ಸಭೆಯ ಹಿರಿಯರೊಬ್ಬರು ಪ್ರತಿ ಗುರುವಾರ ಬರುತ್ತಿದ್ದರು. ನನ್ನ ಬಲಗೈ ಆಡುತ್ತಿರಲಿಲ್ಲವಾಗಿ ಕಡಲೆಕಾಯಿ ಸುಲಿದು ಬಟ್ಟಲಿಗೆ ಹಾಕುತ್ತಾ ಮುಕ್ಕಾಲು ಗಂಟೆ ಕೂತು, ಹೊರಡುವಾಗ ‘ಮುಂದಿನ ಗುರುವಾರ ಬರ್ತೀನಿ ಮೇಷ್ಟ್ರೇ’ ಅಂದು ಎದ್ದುಹೋಗುವರು. ಯೋಬನ ಸ್ನೇಹಿತರು ಏಳು ದಿನ ಸುಮ್ಮನೆ ಕೂತಿದ್ದು ಆಮೇಲೆ ಬಾಯಿ ಬಿಟ್ಟು ಕೆಡಿಸಿದರು, ಇವರು ಕೆಡಿಸಲಿಲ್ಲ. ನಮ್ಮ ಭಾಷೆಯಲ್ಲಿ ‘ವಚನ’ ಅಂದರೆ ದೇವರ ವಾಕ್ಯವೂ ಹೌದು, ಕೊಟ್ಟ ಮಾತೂ ಹೌದು. ಆ ಒಂದು ಸಾಲಿನ ವಚನ ಒಂದು ವಾರವೂ ತಪ್ಪಲಿಲ್ಲ.

ಹೊತ್ತು ಹೊತ್ತಿಗೆ ಊಟ ಕಳಿಸಿದ ಸ್ತ್ರೀಯರ ಸಂಘದವರಿಗೆ, ರಾತ್ರಿ ಕಾದ ತಮ್ಮಂದಿರಿಗೆ, ನನ್ನ ತೊದಲನ್ನು ಅನುವಾದ ಮಾಡಿ ಸುಸ್ತಾದ ನಮ್ಮ ಮನೆಯವರಿಗೆ ವಂದನೆ.

ಮಗನ ಹತ್ತಿರ ಕ್ಷಮೆ ಕೇಳಿಯಾಯಿತು. ‘ಕ್ಷ’ ಬರಲಿಲ್ಲ, ‘ತಪ್ಪಾಯ್ತು’ ಅಂದೆ. ಅವನು ಈಗಲೂ ಫೋನ್ ಮಾಡಿದರೆ ‘ಅಪ್ಪಾ, ದಂಡಪಿಂಡ ಮಾತಾಡ್ತಿದ್ದೀನಿ’ ಅಂತಲೇ ಶುರು ಮಾಡುತ್ತಾನೆ. ನಾನು ಹೆಸರು ಹಿಡಿದು ಕರೆಯುತ್ತೇನೆ. ಮೂರಕ್ಷರ. ಎರಡನೆಯದು ಇನ್ನೂ ಸ್ವಲ್ಪ ತಡೆಯುತ್ತದೆ; ಅವನು ಆ ಕಡೆ ಸುಮ್ಮನೆ ಕಾಯುತ್ತಾನೆ.