ಹಳದಿ ಗೆರೆ ನಿನ್ನದಲ್ಲ

ಪ್ರಿಯ ಗೆಳೆಯ,

ನಿನ್ನ ಮಣಿಕಟ್ಟಿನ ನೋವು ಚಳಿಗೆ ಮತ್ತೆ ಮರುಕಳಿಸಿದೆ ಎಂದು ತಿಳಿದು ಬೇಸರವಾಯಿತು. ಈ ಪತ್ರವನ್ನು ನಿನಗೊಬ್ಬನಿಗೇ ಕಳುಹಿಸಬಹುದಿತ್ತು. ನಾಲ್ಕು ಜನ ಓದುವಂತೆ ಬರೆಯುತ್ತಿರುವುದಕ್ಕೆ ಕಾರಣವಿದೆ, ಅದನ್ನು ಕೊನೆಯವರೆಗೆ ಓದಿದರೆ ನೀನೇ ಬಲ್ಲೆ.

ನಿನಗೆ ಗೊತ್ತಿರುವುದನ್ನು ಬೇರೆಯವರಿಗಾಗಿ ಒಮ್ಮೆ ಹೇಳುತ್ತೇನೆ. ಕ್ರೇನ್ ಎತ್ತಿ ತರುವ ಉಕ್ಕಿನ ತೊಲೆಗೆ ಎರಡು ತುದಿ, ಎರಡು ತುದಿಗೆ ಇಬ್ಬರು. ನೀನೊಂದು ಕಂಬದ ಮೇಲೆ, ನಾನೊಂದು ಕಂಬದ ಮೇಲೆ. ಆರುನೂರು ಕಿಲೋ ತೂಗುವ ತೊಲೆ ತೂಗಾಡುವಾಗ ಅಂಗೈಯಿಂದ ತಳ್ಳಿದರೂ ಸರಿಯುತ್ತದೆ, ಆದರೆ ಬೆರಳು ನಡುವೆ ಸಿಕ್ಕಿದರೆ ಅದರ ನಿಜವಾದ ತೂಕ ತಿಳಿಯುತ್ತದೆ. ಸ್ಪ್ಯಾನರಿನ ಚೂಪು ಬಾಲವನ್ನು ತೂತಿಗೆ ತೂರಿಸಿ, ಮೀಟಿ, ಎದುರಿನ ತೂತಿಗೆ ಕೂಡಿಸಿ, ಬೋಲ್ಟ್ ಇಳಿಸಬೇಕು. ಪ್ರತಿ ತುದಿಯಲ್ಲೂ ಕನಿಷ್ಠ ಎರಡು ಬೋಲ್ಟ್ ಬಿಗಿಯಾಗುವವರೆಗೆ ಕ್ರೇನಿನ ಕೊಕ್ಕೆ ಬಿಡಿಸುವಂತಿಲ್ಲ. 20 ಮಿಲಿಮೀಟರ್ ಬೋಲ್ಟಿಗೆ 22 ಮಿಲಿಮೀಟರ್ ತೂತು ಇರುತ್ತದೆ. ಹತ್ತು ಮೀಟರ್ ತೊಲೆ ಬಿಸಿಲಿಗೆ 20 ಡಿಗ್ರಿ ಕಾದರೆ ಸುಮಾರು 2.4 ಮಿಲಿಮೀಟರ್ ಉದ್ದವಾಗುತ್ತದೆ. ಬೆಳಿಗ್ಗೆ ತಾನಾಗಿ ಇಳಿದ ಬೋಲ್ಟ್ ಮಧ್ಯಾಹ್ನ ಏಕೆ ಮೊಂಡು ಹಿಡಿಯುತ್ತದೆ ಎಂದು ನಾವಿಬ್ಬರೂ ಲೆಕ್ಕದಿಂದ ಕಲಿಯಲಿಲ್ಲ, ಕೈಯಿಂದ ಕಲಿತೆವು.

ಈ ಕೆಲಸದವನೆಂದು ತಿಳಿದವರೆಲ್ಲ ಕೇಳುವುದು ಬೀಳುವ ಭಯದ ಬಗ್ಗೆ. ಗೋಲ್ಡನ್ ಗೇಟ್ ಸೇತುವೆ ಕಟ್ಟುವಾಗ ಕೆಳಗೆ ಹಾಸಿದ್ದ ಬಲೆ 19 ಜನರನ್ನು ಉಳಿಸಿತು, ಮತ್ತು 1937ರ ಫೆಬ್ರವರಿ 17ರಂದು ಕಳಚಿದ ಅಟ್ಟಣಿಗೆಯೊಂದು ಅದೇ ಬಲೆಯನ್ನು ಹರಿದುಕೊಂಡು ಬಿದ್ದು 10 ಜನ ಸತ್ತರು. ಆ ಭಯ ನನಗೂ ಇದೆ. ಆದರೆ ಅದು ಸಂಜೆ ನೆಲಕ್ಕಿಳಿದು ಬೆಲ್ಟ್ ಬಿಚ್ಚಿದೊಡನೆ ಮುಗಿಯುತ್ತದೆ. ಇಳಿದ ಮೇಲೂ ಮುಗಿಯದ ಭಯವೊಂದು ಹೋದ ತಿಂಗಳಿನಿಂದ ನನ್ನನ್ನು ಹಿಡಿದುಕೊಂಡಿದೆ.

ಹೊಸದಾಗಿ ಸೇರಿದ ಹುಡುಗನೊಬ್ಬನಿಗೆ ಬಿಗಿಯುವ ಕೆಲಸ ಕಲಿಸುತ್ತಿದ್ದೆ. ಮೊದಲು ಸಾಮಾನ್ಯ ಸ್ಪ್ಯಾನರಿನಿಂದ ಮೈಬಲವೆಲ್ಲ ಹಾಕಿ ಉಕ್ಕಿನ ತಟ್ಟೆಗಳು ಒಂದಕ್ಕೊಂದು ಕಚ್ಚಿಕೊಳ್ಳುವಂತೆ ಮಾಡಬೇಕು. ಆಮೇಲೆ ನಟ್ಟಿನ ಮೇಲೂ ಅದರ ಪಕ್ಕದ ಉಕ್ಕಿನ ಮೇಲೂ ಒಂದೇ ನೇರಕ್ಕೆ ಮಾರ್ಕರಿನಿಂದ ಗೆರೆ ಎಳೆದು, ಬೋಲ್ಟಿನ ಉದ್ದ ಅದರ ದಪ್ಪದ ನಾಲ್ಕು ಪಟ್ಟಿನೊಳಗಿದ್ದರೆ ಮೂರನೇ ಒಂದು ಸುತ್ತು, ಎಂಟು ಪಟ್ಟಿನವರೆಗಿದ್ದರೆ ಅರ್ಧ ಸುತ್ತು ತಿರುಗಿಸಬೇಕು. ನಟ್ಟಿನ ಗೆರೆ ಎಷ್ಟು ದೂರ ಸರಿದಿದೆ ಎಂಬುದೇ ಬಿಗಿಯಾದುದಕ್ಕೆ ಸಾಕ್ಷಿ. ಎಲ್ಲವನ್ನೂ ಕೇಳಿಸಿಕೊಂಡ ಹುಡುಗ ಒಂದೇ ಮಾತು ಕೇಳಿದ: "ಅಣ್ಣಾ, ತಿರುಗಿಸದೆಯೂ ಗೆರೆ ಎಳೆದುಬಿಡಬಹುದಲ್ಲವೇ?" ಅವನಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದ. ನಾನು ಅವನ ಮೇಲೆ ರೇಗಿದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಏಕೆಂದರೆ ಆ ಕೆಲಸವನ್ನು ನಾನೊಮ್ಮೆ ಮಾಡಿದ್ದೇನೆ.

ನಿನ್ನ ಮಣಿಕಟ್ಟು ಉಳುಕಿದ ದಿನವದು, ಹನ್ನೊಂದು ವರ್ಷದ ಹಿಂದೆ. ನನ್ನ ಕೆಂಪು ಮಾರ್ಕರ್ ಒಣಗಿತ್ತೆಂದು ನಿನ್ನ ಹಳದಿಯದನ್ನು ನನ್ನ ಜೇಬಿಗೆ ತುರುಕಿ ನೀನು ಬೇಗ ಕೆಳಗಿಳಿದೆ. ನಿನ್ನ ತುದಿಯ ಜೋಡಣೆ ಮುಗಿಸುವುದು ನನ್ನ ಪಾಲಿಗೆ ಬಂತು. ಎಂಟು ಬೋಲ್ಟುಗಳಲ್ಲಿ ಏಳನೆಯದರ ಪಕ್ಕದಲ್ಲೇ ಬೆಸುಗೆ ಹಾಕಿದ ಆಸರೆ ತಟ್ಟೆಯಿತ್ತು, ಬೋಲ್ಟ್ ಬಿಗಿಯುವ ಯಂತ್ರದ ಮೂತಿ ಅಲ್ಲಿಗೆ ಹೋಗಲಿಲ್ಲ. ಉದ್ದ ಹಿಡಿಯ ರಿಂಗ್ ಸ್ಪ್ಯಾನರ್ ಕೆಳಗಿನ ಪೆಟ್ಟಿಗೆಯಲ್ಲಿತ್ತು, ಬೆಳಕು ಹೋಗುತ್ತಿತ್ತು. ನಾಳೆ ಬೆಳಿಗ್ಗೆ ಮೊದಲು ಇದನ್ನೇ ಮಾಡುತ್ತೇನೆಂದುಕೊಂಡು ಉಕ್ಕಿನ ಮೇಲೊಂದು ಗೆರೆ ಎಳೆದೆ, ನಟ್ಟಿನ ಮೇಲೆ ಮೂರನೇ ಒಂದು ಸುತ್ತಿನಷ್ಟು ದೂರದಲ್ಲಿ ಇನ್ನೊಂದು. ಅರ್ಧ ನಿಮಿಷದ ಕೆಲಸ. ಬೆಳಿಗ್ಗೆ ನನ್ನನ್ನು ಕಟ್ಟಡದ ಇನ್ನೊಂದು ಬದಿಗೆ ಕಳುಹಿಸಿದರು. ತಪಾಸಣೆಯವರು ಬಂದು ಗೆರೆ ನೋಡಿ ಸಹಿ ಹಾಕಿದರು. ಸುಮಾರು 550 ಡಿಗ್ರಿಗೆ ಕಾದರೆ ಉಕ್ಕು ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆಂದು ಬೆಂಕಿಯಿಂದ ಕಾಪಾಡಲು ಬಳಿಯುವ ಲೇಪ ವಾರದೊಳಗೆ ಅದರ ಮೇಲೆ ಕುಳಿತಿತು. ನಾನೂ ಬಾಯಿ ಮುಚ್ಚಿಕೊಂಡೆ.

ಕೆನಡಾದ ಕ್ವಿಬೆಕ್ ಸೇತುವೆಯ ಸಂಗತಿಯನ್ನು ನನಗೆ ಮೊದಲು ಹೇಳಿದವನು ನೀನೇ. ಅಲ್ಲಿನ ತಪ್ಪು ಲೆಕ್ಕದಲ್ಲಿತ್ತು, ಸೇತುವೆಯ ಸ್ವಂತ ತೂಕವನ್ನೇ ಕಡಿಮೆ ಅಂದಾಜು ಮಾಡಿದ್ದರು. ಕೆಳಗಿನ ತೊಲೆಗಳು ಬಾಗುತ್ತಿರುವುದನ್ನು ಸ್ಥಳದಲ್ಲಿದ್ದವರು ಹಲವು ದಿನಗಳಿಂದ ಕಂಡಿದ್ದರು. 1907ರ ಆಗಸ್ಟ್ 29ರಂದು, ಇನ್ನು ಭಾರ ಹೇರಬೇಡಿ ಎಂದು ನ್ಯೂಯಾರ್ಕಿನಿಂದ ಎಂಜಿನಿಯರ್ ಥಿಯೋಡರ್ ಕೂಪರ್ ಕಳುಹಿಸಿದ ತಂತಿ ಸೇತುವೆಯ ಬಳಿಗೆ ಸಮಯಕ್ಕೆ ಮುಟ್ಟಲಿಲ್ಲ. ಆ ಸಂಜೆ ಇನ್ನೂ ಕಟ್ಟುತ್ತಿದ್ದ ಸೇತುವೆ ಕುಸಿದು 75 ಜನ ಸತ್ತರು. ಅವರಲ್ಲಿ 33 ಮಂದಿ ಕಾನಾವಾಕೆ ಎಂಬ ಒಂದೇ ಊರಿನ ಮೊಹಾಕ್ ಮೂಲನಿವಾಸಿ ಜನ. ನನ್ನ ಒಂದು ಬೋಲ್ಟನ್ನು ಅದರ ಪಕ್ಕದಲ್ಲಿಡುವುದು ಸರಿಯಲ್ಲ, ಗೊತ್ತು. ಆದರೆ ಕಂಡದ್ದನ್ನು ನಾಳೆಗೆ ಬಿಡುವ ಮನಸ್ಸನ್ನು ನಾನು ಒಳಗಿನಿಂದ ಬಲ್ಲೆ, ಅದಕ್ಕೆ ತನ್ನದು ತಪ್ಪೆಂದು ಅನಿಸುವುದೇ ಇಲ್ಲ.

ಹೇಳದೆ ಉಳಿಸಿಕೊಳ್ಳಬೇಕೆಂದಿದ್ದ ಮಾತೊಂದಿದೆ, ಇಷ್ಟು ಬರೆದ ಮೇಲೆ ಅದನ್ನೂ ಹೇಳಿಬಿಡುತ್ತೇನೆ. ಕೆಂಪು ನನ್ನದು, ಹಳದಿ ನಿನ್ನದು ಎಂದು ಇಡೀ ಸೈಟಿಗೆ ಗೊತ್ತಿತ್ತು. ಅಂದು ಏಣಿ ಇಳಿಯುವಾಗ, ಆ ಗೆರೆ ಹಳದಿಯದಲ್ಲವೇ ಎಂದು ನನಗೆ ನೆಮ್ಮದಿಯಾಗಿತ್ತು. ಬೋಲ್ಟಿಗಿಂತ ನನ್ನನ್ನು ಹೆಚ್ಚು ಸುಡುತ್ತಿರುವುದು ಆ ನೆಮ್ಮದಿ. ತೊಲೆಯ ಇನ್ನೊಂದು ತುದಿ ನಿನ್ನ ಕೈಯಲ್ಲಿದ್ದಾಗ ನಾನು ಒಮ್ಮೆಯೂ ತಿರುಗಿ ನೋಡಿದವನಲ್ಲ.

ಹೋದ ವಾರ ಆ ಕಟ್ಟಡದ ಎಂಜಿನಿಯರಿಗೆ ಪತ್ರ ಬರೆದೆ: ಯಾವ ಮಹಡಿ, ಯಾವ ಕಂಬ, ಮೇಲಿನಿಂದ ಎಷ್ಟನೆಯ ಬೋಲ್ಟ್, ಗೆರೆ ಹಳದಿಯಾದರೂ ಎಳೆದ ಕೈ ನನ್ನದು. ಅವರು ನಕ್ಷೆ ತೆಗೆದು ನೋಡಿ, ಉಳಿದ ಏಳು ಬೋಲ್ಟುಗಳು ಹೊರುತ್ತಿವೆ, ಈಗಿಂದೀಗಲೇ ಗಾಬರಿಪಡುವಂಥದ್ದೇನಿಲ್ಲ, ಆದರೂ ಲೇಪ ಕೆರೆದು ನೋಡಲೇಬೇಕು ಎಂದರು. ಬರುವ ಬುಧವಾರ ತೆರೆಯುತ್ತಾರೆ. ನಾನೂ ಹೋಗುತ್ತೇನೆ, ಈ ಬಾರಿ ಉದ್ದ ಹಿಡಿಯ ಸ್ಪ್ಯಾನರ್ ಜೊತೆಗಿರುತ್ತದೆ. ಆ ಹುಡುಗನನ್ನೂ ಕರೆದಿದ್ದೇನೆ.

ಸಾಕು, ನಿನ್ನ ಮೊಗ ಗಂಟಿಕ್ಕಿದ್ದು ಇಲ್ಲಿಗೇ ಕಾಣುತ್ತಿದೆ. ನಿನ್ನ ಹಳದಿ ಮಾರ್ಕರ್ ನನ್ನ ಪೆಟ್ಟಿಗೆಯಲ್ಲಿ ಒಣಗಿ ಕುಳಿತಿದೆ, ಹೊಸದೊಂದನ್ನು ಕೊಂಡಿಟ್ಟಿದ್ದೇನೆ. ಬಂದಾಗ ತೆಗೆದುಕೊಂಡು ಹೋಗು.

ಇತಿ,
ತೊಲೆಯ ಆ ತುದಿಯವನು